ನೊರೆ ಬಂದ ಬಾಟಲಿ

ಮಾರ್ಚ್ 3, ಬೆಳಿಗ್ಗೆ
ಎಂದಿನಂತೆ ಫ್ರಿಜ್ಜಿನಿಂದ ಟ್ರಯಲ್ ಬಾಟಲಿಗಳನ್ನು ಐಸಿಯುಗೆ ತಂದೆ. ಯಾವುದರಲ್ಲಿ ಹೊಸ ಔಷಧಿ, ಯಾವುದರಲ್ಲಿ ಬರೀ ಉಪ್ಪುನೀರು — ಟ್ರಯಲ್ ಮುಗಿಯುವವರೆಗೆ ಡಾಕ್ಟರಿಗೂ ಗೊತ್ತಾಗಬಾರದು, ನರ್ಸುಗಳಾದ ನಮಗೂ. ಆದರೆ ಅಲುಗಾಡಿಸಿದರೆ ಔಷಧಿಯಲ್ಲಿ ತೆಳ್ಳಗೆ ನೊರೆ ಏಳುತ್ತದೆ. ನಮಗೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ಮಾರ್ಚ್ 5
ಅಕ್ಕ ನಮ್ಮ ಐಸಿಯುನಲ್ಲೇ. ಸೋಂಕು ರಕ್ತಕ್ಕೆ ಏರಿದೆ, ಬಿಪಿ ನಿಲ್ಲುತ್ತಿಲ್ಲ. ಮೊನ್ನೆಯಷ್ಟೇ ಫೋನಿನಲ್ಲಿ ನನ್ನ ತಲೆ ತಿಂದವಳು... ಈಗ ಬಾಯಲ್ಲಿ ಟ್ಯೂಬ್.
ಡಾಕ್ಟರು ಟ್ರಯಲ್ ಬಗ್ಗೆ ಹೇಳಿದರು. ಭಾವ ನನ್ನ ಮುಖ ನೋಡಿದರು.
"ನೀನು ಹೂಂ ಅಂದ್ರೆ ಸೈನ್ ಹಾಕ್ತೀನಮ್ಮ."
ಔಷಧಿ ಒಳ್ಳೆಯದೋ ಕೆಟ್ಟದ್ದೋ ನಮಗೂ ತಿಳಿಯದು, ಅದನ್ನೇ ಹುಡುಕುತ್ತಿದ್ದೇವೆ — ಎಷ್ಟು ಮನೆಯವರಿಗೆ ಗಿಳಿಪಾಠ ಒಪ್ಪಿಸಿದ್ದೇನೆ. ಭಾವನಿಗೆ ಒಪ್ಪಿಸಲಿಲ್ಲ. ಹೂಂ ಅಂದೆ.

ಮಾರ್ಚ್ 6
"ನಿಮ್ಮಕ್ಕನ ಡೋಸ್ ನೀವು ಕೊಡ್ಬೇಡಿ" ಎಂದರು ಡಾಕ್ಟರು. ಸರಿ. ಆದರೆ ಬಾಟಲಿ ತರುವವಳು ನಾನೇ.
ಅಕ್ಕನದನ್ನು ಅಲುಗಾಡಿಸಿದೆ. ನೊರೆ ಇಲ್ಲ. ಮತ್ತೆ ಅಲುಗಾಡಿಸಿದೆ. ಇಲ್ಲ.
ಪಕ್ಕದ ಬೆಡ್ಡಿನ ಲಾರಿ ಡ್ರೈವರನ ಬಾಟಲಿಯಲ್ಲಿ ನೊರೆ. ಹೊರಗೆ ಬೆಂಚಿನ ಮೇಲೆ ಅವನ ಅಮ್ಮ.
ಎರಡರ ಲೇಬಲ್ ಅದಲುಬದಲು ಮಾಡಿದೆ. ನನಗೆ ಅಕ್ಕ ಬೇಕು, ಅಷ್ಟೇ.

ಮಾರ್ಚ್ 7
ಇವತ್ತೂ ಮಾಡಿದೆ. ಆ ಅಮ್ಮನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೇನೆ.

ಮಾರ್ಚ್ 11
ದಿನವೂ ಮಾಡಿದ್ದೇನೆ. ಆದರೂ ಅಕ್ಕನ ಕಿಡ್ನಿ ಕೈಕೊಟ್ಟಿದೆ. ಡಯಾಲಿಸಿಸ್. ಔಷಧಿ ಹಿಡಿಯಲು ಸಮಯ ಬೇಕು, ನನಗೆ ನಾನೇ ಹೇಳಿಕೊಂಡೆ.
ಡ್ರೈವರನ ಟ್ಯೂಬ್ ತೆಗೆದರು. ಅವನಮ್ಮ ನನ್ನ ಕೈ ಹಿಡಿದುಕೊಂಡು, "ನಿನ್ನ ಕೈಗುಣ ಕಣಮ್ಮ" ಎಂದರು. ಬಿಡಿಸಿಕೊಂಡು ಹೋಗಿ ಬಾತ್‌ರೂಮಿನಲ್ಲಿ ಅತ್ತೆ.

ಮಾರ್ಚ್ 12, ಮಧ್ಯಾಹ್ನ
ಟ್ರಯಲ್ ನಿಲ್ಲಿಸಿದ್ದಾರೆ. ಟ್ರಯಲ್ ನಡೆಯುತ್ತಿದ್ದ ಎಲ್ಲ ಆಸ್ಪತ್ರೆಗಳ ಲೆಕ್ಕ ಕೂಡಿಸಿ ನೋಡಿದರಂತೆ. ಹೊಸ ಔಷಧಿ ಕಿಡ್ನಿ ತಿನ್ನುತ್ತಿದೆ. ಸಾವೂ ಹೆಚ್ಚು.
ಡಾಕ್ಟರು ನನ್ನನ್ನೂ ಭಾವನನ್ನೂ ಪಕ್ಕಕ್ಕೆ ಕರೆದರು. "ಯಾರಿಗೆ ಏನು ಹೋಗಿದೆ ಅಂತ ಈಗ ತೆಗೆದು ನೋಡಿದ್ವಿ. ನಿಮ್ಮಕ್ಕನಿಗೆ ಬರೀ ಉಪ್ಪುನೀರು, ಪುಣ್ಯ. ಅವರ ಕಿಡ್ನಿಗೆ ಬೇರೆ ಕಾರಣ ಹುಡುಕ್ಬೇಕು. ಔಷಧಿ ಹೋದವರಿಗೆ ಅದನ್ನ ರಕ್ತದಿಂದ ತೆಗೆಯೋಕೆ ಇವತ್ತೇ ಪ್ಲಾಸ್ಮಾ ಬದಲಾಯಿಸ್ತೀವಿ. ಇದೊಂದೇ ದಾರಿ, ಅದೂ ತಡವಾದ್ರೆ ಇಲ್ಲ. ಇಲ್ಲಿ ಆ ಡ್ರೈವರಿಗೆ ಮಾತ್ರ ಬೇಕಾಗಿರೋದು."
ತಲೆಯಾಡಿಸಿ ಹೊರಗೆ ಬಂದೆ.

ಅರ್ಧ ಗಂಟೆಯಾಯಿತು. ನರ್ಸ್ ರೂಮಿನಲ್ಲಿ ಕೂತಿದ್ದೇನೆ. ಭಾವ ಟೀ ತಂದಿಟ್ಟು ಹೋದರು. "ನೀನಿದ್ದಿದ್ದಕ್ಕೆ ಧೈರ್ಯ ನಮಗೆ" ಎಂದರು. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಭಾವ ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಅಕ್ಕ...
ಪ್ಲಾಸ್ಮಾ ಮಷೀನ್ ತಂದರು. ಗಾಜಿನಾಚೆ ಕಾಣುತ್ತಿದೆ. ಅಕ್ಕನ ಬೆಡ್ ದಾಟಿ ಮುಂದಕ್ಕೆ ತಳ್ಳುತ್ತಿ—