ಬೆರಳೆತ್ತಿದರೆ ತೆಗಿ

ಜೂನ್ 4, ಬುಧವಾರ, ಬೆಳಿಗ್ಗೆ 6.30
ಅಣ್ಣನ ಉಪ್ಪುನೀರಿನ ಅಕ್ವೇರಿಯಂಗೆ, ಆವಿಯಾದಷ್ಟು, ಎರಡು ಲೋಟ ಸಿಹಿನೀರು. ಉಪ್ಪಿನಂಶ ಸರಿ. ಮೀನು ಎರಡೂ ಕ್ಷೇಮ, ಅಣ್ಣನ ಹವಳಗಳೂ ಕ್ಷೇಮ. ಹೊಸ ಗಿರಾಕಿ ಒಬ್ಬ — ಗುಲಾಬಿ ಹುಳು, ಮೈತುಂಬ ಬಿಳಿ ಕೂದಲು. ಫೋಟೊ ತೆಗೆದೆ.

ಹುಳುವೇ ಹುಳುವೇ ಯಾರ ಮಗ?
ಕಲ್ಲಿನ ಸಂದಿಯೆ ನಿನ್ನ ಜಗ.

ಸಂಜೆ
ಆಸ್ಪತ್ರೆ. ಸ್ಟ್ರೋಕ್ ಆಗಿ ಹತ್ತೊಂಬತ್ತು ದಿನ. ಅಣ್ಣನಿಗೆ ಮಾತಿಲ್ಲ. ತಲೆಯಾಡಿಸಿದರೆ ಹೌದೂ ಅಲ್ಲವೂ ಒಂದೇ ಥರ. ಎಡಗೈ ಡ್ರಿಪ್ಪಿನ ಪಟ್ಟಿಯಲ್ಲಿ ಬಂಧಿ. ಬಲಗೈಯಲ್ಲಿ ತೋರುಬೆರಳೊಂದೇ ಅವನ ಮಾತು ಕೇಳುವುದು. ಅದಕ್ಕೇ ನಮ್ಮ ಒಪ್ಪಂದ: ಫೋಟೊ ನೋಡಿ ಬೆರಳೆತ್ತಿದರೆ ತೆಗಿ, ಎತ್ತದಿದ್ದರೆ ಇರಲಿ.
ಬೆರಳು ಏಳಲಿಲ್ಲ. ಹುಳು ಬಚಾವ್.
"ನಾನು ಕಾಣ್ತೀನೋ ಇಲ್ವೋ, ಹುಳ ಮಾತ್ರ ಚೆನ್ನಾಗಿ ಕಾಣತ್ತೆ ಇವ್ರಿಗೆ," ಅಂದರು ಅತ್ತಿಗೆ. ಅಣ್ಣನ ಅರ್ಧ ತುಟಿ ನಕ್ಕಿತು.

ಜೂನ್ 11, ಬುಧವಾರ
ನಾಲ್ಕು ದಿನ ಪ್ರೆಸ್ಸಿನಲ್ಲೇ ಕಳೆಯಿತು. ಆಸ್ಪತ್ರೆಗೆ ಹೋಗಲಾಗಲಿಲ್ಲ.
ದೊಡ್ಡ ಹವಳದ ಬುಡದಲ್ಲಿ ಕಡಲೆಕಾಳಿನಷ್ಟು ಕಂದು ಹೂವಿನಂಥ ಜೀವಿ, ತೇಲುವ ಎಳೆಗಳು. ಅಣ್ಣನ ನೋಟ್‌ಬುಕ್ ಪ್ರಕಾರ ಎರಡರಲ್ಲೊಂದು. ಎಳೆಯ ತುದಿ ಚೂಪಾದರೆ 'ಗಾಜಿನ ಹೂ' — ಇಡೀ ಕಲ್ಲಿಗೆ ಹಬ್ಬಿ ಹವಳವನ್ನೇ ಸುಡುವಂಥದ್ದು. ಗುಂಡಾದರೆ ಹವಳದ ಮರಿ. ಮರಿಯ ಬಗ್ಗೆ ಒಂದೇ ಸಾಲು: "ಆರು ವರ್ಷದಿಂದ ಕಾಯ್ತಿದೀನಿ."
ಅಣ್ಣ ವಾಚ್ ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಹಾಕಿಕೊಂಡು ನೋಡಿದೆ. ನನ್ನದು ಇಪ್ಪತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣು. ಆದರೂ ಚೂಪೋ ಗುಂಡೋ... ತಿಳಿಯಲಿಲ್ಲ.
ಸಂಜೆ ಫೋಟೊ ಹಿಡಿದೆ. ಅತ್ತಿಗೆ ಔಷಧಿ ತರಲು ಹೋಗಿದ್ದರು. ಬೆರಳು ಎದ್ದಿತು.
"ತೆಗೀಲೇನೋ ಅಣ್ಣ?"
ಮತ್ತೆ ಎದ್ದಿತು. ಅವನ ಕಣ್ಣಲ್ಲಿ ನೀರು. ಉರಿ ಇರಬೇಕು, ಒರೆಸಿದೆ.

ಜೂನ್ 12
ಬಿಸಿ ನಿಂಬೆರಸ, ಸಿರಿಂಜು. ಗಾಜಿನ ಹೂ ಕೊಲ್ಲಲು ನೋಟ್‌ಬುಕ್ಕಿನ ವಿಧಾನವೇ. ಹೂ ಮುದುಡಿತು.
ಪ್ರಾಸ ಕಟ್ಟಲು ಕೂತೆ. ಕೂಡಲಿಲ್ಲ.

ಜೂನ್ 15, ಭಾನುವಾರ
ಅದು ಸತ್ತ ಜಾಗದಲ್ಲಿ ಏನೋ ಬಿಳಿ. ಕಡ್ಡಿಯಿಂದ ಮುಟ್ಟಿದೆ — ಗಟ್ಟಿ. ಮಸೂರ ಹಾಕಿದೆ. ಪುಟ್ಟ ಬಟ್ಟಲು, ಒಳಗೆ ಚಕ್ರದ ಕಡ್ಡಿಗಳ ಹಾಗೆ ಗೆರೆಗಳು.
ಗಾಜಿನ ಹೂವಿಗೆ ಎಲುಬಿಲ್ಲ. ಎಲುಬು ಇರುವುದು ಹವಳಕ್ಕೆ.
ಅತ್ತಿಗೆಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವರ ಸಂಭ್ರಮ: "ಡಾಕ್ಟ್ರು ಏನಂದ್ರು ಗೊತ್ತಾ? ಆ ಬೆರಳು ಮಂಗಳವಾರದಿಂದ ತಾನಾಗೇ ಎಗರ್ತಿದೆಯಲ್ಲಾ, ನರ ಚೇತರಿಸ್ಕೊಳ್ತಿರೋ ಲಕ್ಷಣವಂತೆ! ಗುರುವಾರ ಮನೆಗೆ ಕಳಿಸ್ತಾರೆ. ಕೇಳಿಸ್ತಾ ಮೈದುನರೇ?"
"ಕೇಳಿಸ್ತು ಅತ್ತಿಗೆ. ಒಳ್ಳೇದಾಯ್ತು."
ಎರಡು ಮಾತೂ ನಿಜ.

ಜೂನ್ 19, ಗುರುವಾರ
ಅಣ್ಣ ಬಂದ. ಗಾಲಿಕುರ್ಚಿ ನೇರ ಅಕ್ವೇರಿಯಂ ಮುಂದೆ. ಎಲ್ಲ ಹೇಳಿಬಿಟ್ಟೆ — ಫೋಟೊ, ಬೆರಳು, ನಿಂಬೆರಸ. ಅವನು ಎಡಗೈಯಲ್ಲಿ ಮಸೂರ ಹಿಡಿದು ಬಟ್ಟಲನ್ನೇ ನೋಡಿದ. ತುಂಬ ಹೊತ್ತು.
"ಇದನ್ನ ತೆಗೆದುಬಿಡ್ಲಾ ಅಣ್ಣ?"
ಬಲಗೈಯ ಬೆರಳು ಎಗರಿತು. ಮಸೂರ ತೊಡೆಯ ಮೇಲೆ ಬಿತ್ತು. ಎಡಗೈ ಬಂದು ಆ ಬೆರಳನ್ನು ಒತ್ತಿ ಹಿಡಿಯಿತು. ಅದು ಮತ್ತೆ ಏಳಲು ನೋಡಿತು. ಬಿಡಲಿಲ್ಲ.
"ಯಾಕ್ರೀ, ನೋವಾ?" ಅಂದರು ಅತ್ತಿಗೆ.
ಅಣ್ಣ ನನ್ನನ್ನೇ ನೋಡುತ್ತಿದ್ದ. ಬೆರಳು ಅದುಮಿಕೊಂಡೇ. ಎತ್ತದಿದ್ದರೆ ಇರಲಿ. ಬಟ್ಟಲನ್ನು ಅಲ್ಲೇ ಬಿಟ್ಟೆ.