ಒಣ ಹಲಗೆಗೆ ಹಳೆಯ ಚೆಂಡು

ಸೆಪ್ಟೆಂಬರ್ 4, ಗುರುವಾರ

ಮತ್ತೆ ಫಿನೈಲ್ ನೀರು. ನಾನು ಹೋಗುವಷ್ಟರಲ್ಲಿ ಕೆಲಸದ ಸೋಮನಿಂಗ ಎರಡೂ ಲೇನ್ ಒರೆಸಿ ಮುಗಿಸಿದ್ದ. ಬೌಲಿಂಗ್ ಲೇನಿಗೆ, ಅಂದರೆ ಚೆಂಡು ಉರುಳಿಸಿ ತುದಿಯ ಪಿನ್ ಬೀಳಿಸುವ ಹಲಗೆ ದಾರಿಗೆ, ಎಣ್ಣೆ ಹಚ್ಚಬೇಕು... ತೆಳ್ಳಗೆ, ಅದಕ್ಕೆಂದೇ ಮಾಡಿದ ಎಣ್ಣೆ. ಜೂನ್‌ನಿಂದ ಹೇಳುತ್ತಿದ್ದೇನೆ. ತಮ್ಮ ಸಿದ್ದಲಿಂಗ ಕೌಂಟರಿನಿಂದ ತಲೆಯನ್ನೂ ಎತ್ತಲಿಲ್ಲ.

"ಎಣ್ಣಿ ಹಚ್ಚಿದ್ರ ಮಂದಿ ಜಾರಿ ಬೀಳ್ತಾರ. ಇದೇನು ಗರಡಿಮನಿ ಏನು?"

ಮನಗೂಳಿ ಹೈವೇ ಮೇಲೆ ಇವನ ಹೋಟೆಲು. ಅದರ ಹಿಂದೆ ಈ ಎರಡು ಲೇನು. ಪುಣೆಯಲ್ಲಿ ಮುಚ್ಚಿಹೋದ ಯಾವುದೋ ಬೌಲಿಂಗ್‌ನಿಂದ ಹಲಗೆ, ಮಷೀನು, ಚೆಂಡು ಎಲ್ಲ ಲಾರಿಯಲ್ಲಿ ಹೇರಿಕೊಂಡು ಬಂದ. ಬುದ್ಧಿ ಅಲ್ಲೇ ಬಿಟ್ಟು ಬಂದ. ಪುಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಭಾನುವಾರ ತಪ್ಪದೆ ಆಡಿದವಳು ನಾನು. ಆದರೂ ನನಗೇ ಪಾಠ.

ದಸರೆ ಮುಗಿದ ಭಾನುವಾರ ಇಂಡಿ, ಸಿಂದಗಿ, ಮುದ್ದೇಬಿಹಾಳದ ತಂಡಗಳು ಪಂದ್ಯಕ್ಕೆ ಇಲ್ಲಿಗೆ ಬರುತ್ತವೆ. ನಮ್ಮ ಬಸವನ ಬಾಗೇವಾಡಿ ತಂಡದಲ್ಲಿ ಒಂದೇ ಜಾಗ ಬಾಕಿ. ನಾನು, ಇಲ್ಲವೇ ಅರುಣಕುಮಾರ — ಸಿದ್ದಲಿಂಗನ ಹೆಂಡತಿಯ ತಮ್ಮ. ಈ ಮನೆಯಲ್ಲಿ ಹುಟ್ಟಿದಾಗಿನಿಂದ ಜಾಗ ಬಿಟ್ಟುಕೊಟ್ಟೇ ಬಂದಿದ್ದೇನೆ. ಇದನ್ನು ಬಿಡುವುದಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಅರುಣಕುಮಾರ ಹೊಸ ಚೆಂಡು ತರಿಸಿದ್ದಾನೆ. ನೀಲಿ, ಕನ್ನಡಿಯ ಹೊಳಪು. ಎಲ್ಲರ ಕೈಗೂ ಕೊಟ್ಟ, ನನ್ನ ಕೈಗೆ ಕೊಡಲಿಲ್ಲ. ಬೇಕಾಗಿಯೂ ಇರಲಿಲ್ಲ. ಅದು ಎಣ್ಣೆ ಇರುವ ಲೇನಿಗೆ ಮಾಡಿದ ಚೆಂಡು. ನಮ್ಮ ಒಣ ಹಲಗೆಯಲ್ಲಿ ಬೇಗ ಕಚ್ಚಿಕೊಳ್ಳುತ್ತದೆ, ಅರ್ಧ ದಾರಿಯಲ್ಲೇ ತಿರುಗುತ್ತದೆ, ಪಿನ್ ಮುಟ್ಟುವ ಹೊತ್ತಿಗೆ ಸುಸ್ತು. ಅವನಿಗೆ ಹೇಳಿದೆ. ನಕ್ಕ.

ಸ್ಟೋರ್ ರೂಮಿನ ಹಳೆಯ ಚೆಂಡುಗಳ ರಾಶಿಗೆ ಕೈ ಹಾಕಿದೆ. ಬರೀ ಪ್ಲಾಸ್ಟಿಕ್... ನೇರ ಹೋಗುತ್ತವೆ ಅಷ್ಟೆ, ಹೊಡೆತದಲ್ಲಿ ದಮ್ಮಿಲ್ಲ. ತಳದಲ್ಲಿ ಯುರಿಥೇನ್ ಹೊದಿಕೆಯ ಎರಡು ಚೆಂಡು ಸಿಕ್ಕವು. ಈಗ ಯಾರೂ ಕೇಳದ ಹಳೆಯ ಕಾಲದವು. ಕೆಂಪಗಿನದಕ್ಕೆ ಬೆರಳ ತೂತಿನ ಹತ್ತಿರ ಬಿರುಕು. ಸವರಿದರೆ ಉಗುರು ಸಿಕ್ಕಿಕೊಂಡಿತು — ಬೇಡ. ಬೂದು ಬಣ್ಣದ್ದಕ್ಕೆ ಗೀರು ಮಾತ್ರ. ತೂಕ ಸರಿ. ಯುರಿಥೇನಿಗೆ ಅವಸರ ಇಲ್ಲ. ಒಣ ಹಲಗೆಯಲ್ಲಿ ಕೊನೆಯತನಕ ತಡೆದು ಆಮೇಲೆ ತಿರುಗುತ್ತದೆ. ಒಂದೇ ಪಿನ್ ಉಳಿದಾಗ ಗಟ್ಟಿಯಾಗಿ ಬಿಟ್ಟರೆ ಗೆರೆ ಎಳೆದ ಹಾಗೆ ನೇರ.

"ಅಕ್ಕಾರ, ಅದನ್ನ ಗೋಳಗುಮ್ಮಟದ ಮ್ಯೂಸಿಯಂಗೆ ಕೊಡ್ರಿ" ಅಂದ ಅರುಣಕುಮಾರ. ಸಿದ್ದಲಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ.

ಸೆಪ್ಟೆಂಬರ್ 10

ಲ್ಯಾಬ್ ಮುಗಿಸಿ ಯುನೂಸನ ಗ್ಯಾರೇಜಿಗೆ. ಹೆಬ್ಬೆರಳ ತೂತು ಯಾರೋ ದಾಂಡಿಗನದು. ಯುನೂಸ ಟ್ರ್ಯಾಕ್ಟರ್ ಬಿಟ್ಟು ಬಂದು ಚೆಂಡನ್ನು ಹೊರಳಿಸಿ ನೋಡಿದ.

"ಇದಕ ಗೇರ್ ಎಲ್ಲೈತ್ರಿ?"

ತೂತಿಗೆ ಎಂ-ಸೀಲ್ ತುಂಬಿ, ಒಣಗಿಸಿ, ನನ್ನ ಬೆರಳಿನ ಅಳತೆಗೆ ಡ್ರಿಲ್ ಮಾಡಿದ. ಒಳಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ. ಮೈಯನ್ನು ಸ್ಯಾಂಡ್‌ಪೇಪರ್ ಹಾಕಿ ನಾನೇ ಉಜ್ಜಿದೆ. ಇಷ್ಟು ದಿನದ ಸಿಟ್ಟೆಲ್ಲ ಅದರ ಮೇಲೆ ಹೋಯಿತು. ಚೆಂಡಿಗೆ ಒಳ್ಳೆಯದೇ ಆಯಿತು.

ಸೆಪ್ಟೆಂಬರ್ 13, ಬೆಳಿಗ್ಗೆ

ಆಡಿದೆ. ತಿರುಗಬೇಕಾದಲ್ಲಿ ತಿರುಗಿತು. ಬಲಗಡೆ ಮೂಲೆಯ ಪಿನ್ — ಎಲ್ಲರ ಶನಿ ಅದು — ಮತ್ತೆ ಮತ್ತೆ ಬಿತ್ತು. ಸಿದ್ದಲಿಂಗ ಬಾಗಿಲಲ್ಲಿ ನಿಂತು ನೋಡಿ, ಏನೂ ಅನ್ನದೆ ಒಳಗೆ ಹೋದ. ನನಗೆ ಅದೇ ಸರ್ಟಿಫಿಕೇಟ್.

ಸೆಪ್ಟೆಂಬರ್ 27, ಶನಿವಾರ

ಎರಡು ವಾರ ಬರೆದಿಲ್ಲ. ಬರೀ ಜಗಳ, ಬರೆದರೂ ಅದೇ. ಕೊನೆಗೆ ತೀರ್ಮಾನ: ದಸರೆ ದಿನ ಬೆಳಿಗ್ಗೆ ನಾನೂ ಅರುಣಕುಮಾರನೂ ಒಂದು ಗೇಮ್. ಗೆದ್ದವರಿಗೆ ಜಾಗ. ಸೋತರೆ ಲೇನಿನ ಎಣ್ಣೆ ವಿಷಯ ಮತ್ತೆ ಬಾಯಿ ತೆಗೆಯಬಾರದಂತೆ. ಆಗಲಿ ಅಂದೆ.

ಅಕ್ಟೋಬರ್ 1, ಬುಧವಾರ. ಖಂಡೆ ಪೂಜೆ

ಬೌಲಿಂಗ್ ಬಂದ್. ಅವ್ವ ಇಂದುಬಾಯಿ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಮುಂಜಾನೆಯೇ ಹಾಜರು. ಅವಳ ಪದ್ಧತಿ ಗೊತ್ತಲ್ಲ... ಅನ್ನ ಕೊಡುವ ಆಯುಧ ಯಾವುದೇ ಇರಲಿ, ಈ ದಿನ ಅದಕ್ಕೆ ಎಣ್ಣೆ ತಾಗಬೇಕು. ಕುಡಗೋಲಿನಿಂದ ಹಿಡಿದು ಹೋಟೆಲಿನ ಮಿಕ್ಸರ್‌ವರೆಗೆ. ಚೆಂಡುಗಳನ್ನು ಸಾಲಾಗಿ ಇಟ್ಟು ವಿಭೂತಿ, ಕುಂಕುಮ. "ಚೆಂಡಿಗೆ ಎಣ್ಣಿ ಬ್ಯಾಡಬೇ" ಅಂತ ಕೈ ಹಿಡಿದೆ. ಆಯ್ತು ಅಂತ ತಲೆಯಾಡಿಸಿದಳು. ಅರುಣಕುಮಾರ ಬಂದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದುಬಿಟ್ಟೆ.

ಅಕ್ಟೋಬರ್ 2, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅರುಣಕುಮಾರನ ಮೊದಲ ಚೆಂಡು ತಿರುಗಲೇ ಇಲ್ಲ. ಸೊಯ್ಯನೆ ಜಾರಿ ಲೇನಿನ ಪಕ್ಕದ ಗಟರಿಗೆ. ಎರಡನೆಯದೂ ಗಟರಿಗೆ. ನನ್ನದೂ ತಿರುಗಲಿಲ್ಲ. ಬಗ್ಗಿ ಹಲಗೆ ಮುಟ್ಟಿದೆ — ಎಣ್ಣೆ. ಅಂಗೈಯಲ್ಲಿ ಸವರಿದ ಎಣ್ಣೆ, ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ಕುಸುಬಿಯ ವಾಸನೆ. ಲೇನಿನ ತುದಿಯಲ್ಲಿ ಕುಂಕುಮದ ಬೊಟ್ಟು.

ಲೇನೂ ಅನ್ನ ಕೊಡುತ್ತದಲ್ಲ. ಅವ್ವ ಅದನ್ನೂ ಬಿಟ್ಟಿಲ್ಲ.

ಸಿದ್ದಲಿಂಗ ಎಲ್ಲರ ಎದುರಿಗೇ ಶುರು ಮಾಡಿದ. "ನೀನೇ ಹಚ್ಚೀದಿ. ಜೂನ್‌ದಿಂದ ಎಣ್ಣಿ ಎಣ್ಣಿ ಅಂತ ಹೊಯ್ಕೊಂಡಾಕಿ ನೀನೇ. ಅರುಣಗ ಸೋಲಿಸಾಕ ಮಾಡೀದಿ."

"ನನ್ನ ಚೆಂಡೂ ಜಾರೈತಿ. ಕಣ್ಣಿಲ್ಲೇನು ನಿನಗ?"

"ನಿನ್ನ ನಾಟಕ ನಾ ಸಣ್ಣಾಂವ ಇದ್ದಾಗಿಂದ ನೋಡೀನಿ."

ಸೋಮನಿಂಗ ತನ್ನ ಮಾಪ್ ನೋಡುತ್ತ ನಿಂತ. ಅವ್ವ ಮೂಲೆಯ ಕುರ್ಚಿಯಲ್ಲಿದ್ದಳು. ಅವಳನ್ನೇ ನೋಡಿದೆ. ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ಕಾದೆ. ಅವ್ವ ಸೆರಗಿನ ಅಂಚು ಮಡಚುತ್ತ ಕುಳಿತಳು. ನಾನೇ ಹೇಳಬಹುದಿತ್ತು. ಹೇಳಲಿಲ್ಲ. ಕರುಣೆಯಿಂದಲ್ಲ. ಅವಳ ಬಾಯಿಂದಲೇ ಬರಲಿ ಅಂತ.

ಸಿದ್ದಲಿಂಗ ಆಟ ಅಲ್ಲಿಗೇ ನಿಲ್ಲಿಸಿದ. ಜಾಗ ಅರುಣಕುಮಾರನಿಗೆ. ನಾನು ಇನ್ನು ಅಲ್ಲಿ ಕಾಲಿಡಬಾರದಂತೆ.

ಅದೇ ದಿನ, ಸಂಜೆ

ಅವ್ವ ಬನ್ನಿ ಕೊಡಲು ಬಂದಳು. ಎಲೆ ಕೊಟ್ಟು, ಬಂಗಾರದಂಗ ಇರೋಣ ಅಂದು, ಹೊಸ್ತಿಲಲ್ಲೇ ನಿಂತಳು.

"ನನಗ ತಿಳೀಲಿಲ್ಲವ್ವಾ. ಅವಗ ಹೇಳಬ್ಯಾಡ. ಅವನ ಸಿಟ್ಟು ನಿನಗ ಗೊತ್ತೈತಿ."

"ನನಗ ಸಿಟ್ಟಿಲ್ಲೇನು?"

"ನೀ ತಡಕೋತಿ."

ತಡಕೋತೀನಂತೆ. ನಲವತ್ತನಾಲ್ಕು ವರ್ಷದಿಂದ ಇವಳಿಗೆ ನನ್ನ ಬಗ್ಗೆ ಗೊತ್ತಿರುವುದು ಇದೊಂದೇ. ಬನ್ನಿ ಎಲೆ ಮೇಜಿನ ಮೇಲೆ ಬಿದ್ದಿದೆ. ಮುಟ್ಟಿಲ್ಲ.

ಸಿದ್ದಲಿಂಗ ಬರಲಿಲ್ಲ. ಕಿರಿಯವರು ಬಂದು ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಬೇಕು. ಅವನಿಗೆ ಸೊಂಟ ಬಗ್ಗಬೇಕಲ್ಲ.

ಅಕ್ಟೋಬರ್ 5, ಭಾನುವಾರ, ಸಂಜೆ

ಹೋಗಬಾರದು ಅಂದುಕೊಂಡಿದ್ದೆ. ಹೋದೆ. ಮುದ್ದೇಬಿಹಾಳದ ಕಡೆಯವರ ನಡುವೆ ಕುಳಿತೆ, ಸಿದ್ದಲಿಂಗ ಹೊರಗೆ ಹಾಕಲಾರದ ಹಾಗೆ.

ಸೋಮನಿಂಗ ಎಣ್ಣೆ ಹೋಗಲೆಂದು ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿದ್ದ. ಹಲಗೆ ಮೊದಲಿಗಿಂತ ಒಣ. ಅರುಣಕುಮಾರನ ನೀಲಿ ಚೆಂಡು ಹೊರಟಲ್ಲೇ ತಿರುಗಿತು. ಪ್ರತಿ ಸಲ ಬಲ ಮೂಲೆಯ ಪಿನ್ ನಿಂತೇ ಇತ್ತು. ಇಂಡಿ, ಮುದ್ದೇಬಿಹಾಳ ಹಿಂದೆ ಬಿದ್ದವು. ಸಿಂದಗಿ ಮಾತ್ರ ನಮ್ಮ ಜೊತೆ ಸರಿಸಮ. ಕೊನೆಯ ಸರದಿ ಅರುಣಕುಮಾರನದು. ಮತ್ತೆ ಅದೇ ಪಿನ್ ಉಳಿಸಿದ. ಇನ್ನೊಂದೇ ಚೆಂಡು. ಬಿದ್ದರೆ ಬಾಗೇವಾಡಿ, ಇಲ್ಲದಿದ್ದರೆ ಸಿಂದಗಿ.

ಊರಿನವರು ಯಾರಾದರೂ ಬದಲಿಯಾಗಿ ಯಾವಾಗ ಬೇಕಾದರೂ ಇಳಿಯಬಹುದು ಅಂತ ನಿಯಮ ಮಾಡಿದವನು ಸಿದ್ದಲಿಂಗನೇ. ನಾನು ಅಲ್ಲೇ ಬಿಟ್ಟುಬಂದಿದ್ದ ಬೂದು ಚೆಂಡು ಎತ್ತಿಕೊಂಡು ನೇರ ನನ್ನ ಹತ್ತಿರ ಬಂದ. ಕ್ಷಮೆ ಇಲ್ಲ, ಅಕ್ಕ ಅನ್ನುವ ಮಾತೂ ಇಲ್ಲ.

"ಏಳು. ಆಡು."

"ಎಣ್ಣಿ ಯಾರು ಹಚ್ಚಿದ್ರು ಕೇಳು ಮೊದಲು. ಎಲ್ಲಾರೂ ಇದ್ದಾರ. ಕೇಳು."

"ಈಗ ಅದು ಯಾಕ?"

"ಕೇಳಲಿಲ್ಲಂದ್ರ ಚೆಂಡು ನೀನೇ ಬಿಡು."

ಅವ್ವ ಕುರ್ಚಿ ಹಿಡಿದು ಎದ್ದಳು. ಮಗನ ಮುಖ ನೋಡಲಿಲ್ಲ. ಸಿಂದಗಿಯವರ ಕಡೆ ತಿರುಗಿ ಹೇಳಿದಳು. "ನಾ ಹಚ್ಚೀನ್ರಿ. ನನ್ನ ಮಗಳು ಅಲ್ಲ."

ಚೆಂಡು ತೆಗೆದುಕೊಂಡೆ. ಯುನೂಸನ ರಬ್ಬರು ಬೆರಳಿಗೆ ಬಿಗಿಯಾಗಿ ಹಿಡಿಯಿತು. ಎಡಗಡೆಯಿಂದ ಅಡ್ಡ ಗೆರೆಯಲ್ಲಿ ಬಿಟ್ಟೆ. ನೇರ ಹೋಯಿತು. ಪಿನ್ ಬಿದ್ದ ಸದ್ದು ಕೇಳಿತು, ನೋಡಲಿಲ್ಲ. ಸಿದ್ದಲಿಂಗ ಅವ್ವನ ಕಡೆ ಹೊರಟಿದ್ದ. "ಮಂದಿ ಮುಂದ ನನ್ನ ಮಾನ ಕಳದಿ" ಅನ್ನುತ್ತ, ಕೈ ಎತ್ತಿಕೊಂಡು. ನಡುವೆ ಹೋಗಿ ನಿಂತೆ. ಕೈ ಇಳಿಸಿದ. ಅವ್ವನನ್ನು ಕರೆದುಕೊಂಡು ಬಂದುಬಿಟ್ಟೆ. ಕಪ್ ಯಾರು ಹಿಡಿದರೋ ಗೊತ್ತಿಲ್ಲ.

ಅವ್ವ ನನ್ನ ಮಂಚದ ಮೇಲೆ ಮಲಗಿದ್ದಾಳೆ. ಚಹಾ ಕುಡಿಯಲಿಲ್ಲ.

ಬಾಗಿಲು ಬಡಿಯುತ್ತಿದ್ದಾರೆ. ಕಿಟಕಿಯಿಂದ ನೋಡಿದೆ. ಸಿದ್ದಲಿಂಗ. ಕೈಯಲ್ಲಿ ಬನ್ನಿ ಎಲೆ. ಹುಣ್ಣಿಮೆ ತನಕ ಕೊಡಬಹುದಲ್ಲ, ಈಗ ನೆನಪಾಗಿದೆ.

"ಅಕ್ಕಾ, ಬಾಗಲಾ ತಗಿ."

ತೆಗೆಯಲೇ ಅಂತ ಅವ್ವನನ್ನು ನೋಡಿದೆ. ಮಗ ಬಂದರೆ ಅನ್ನದ ತಟ್ಟೆ ಬಿಟ್ಟು ಏಳುವವಳು. ಗೋಡೆಯ ಕಡೆ ತಿರುಗಿದಳು.

"ತಗೀಬ್ಯಾಡ. ನಿಲ್ಲಲಿ."

ನಿಂತಿದ್ದಾನೆ. ಮತ್ತೆ ಬಡಿಯುತ್ತಿದ್ದಾನೆ, ಈ ಸಲ ಮೆಲ್ಲಗೆ. ನಾನು ಚಿಲಕಕ್ಕೆ ಕೈ ಹಾಕಿಲ್ಲ, ಕೂತು ಇದನ್ನು ಬರೆಯುತ್ತಿದ್ದೇನೆ.