ಹೊರದೇಶದವಳಂತೆ ಕಾಣುವ ಬಟ್ಟೆ

ಜನವರಿ 13, ಸೋಮವಾರ. ಬೆಳಿಗ್ಗೆ 6

ಹಳದಿ ಅಂಗಿ ಒಣಗಿಲ್ಲ. ಸೋಮವಾರ ಹಳದಿ ಬಿಟ್ಟು ಬೇರೆ ಬಣ್ಣ ಹಾಕಿದರೆ ಪ್ರಾರ್ಥನೆಗೆ ನಿಂತ ಆರುನೂರು ಮಕ್ಕಳೂ ನನ್ನನ್ನೇ ನೋಡುತ್ತಾರೆ. ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸಿದೆ. ಕಂಕುಳು ಇನ್ನೂ ತಣ್ಣಗಿದೆ.

ಮಂಗಳವಾರ ಗುಲಾಬಿ. ಬುಧವಾರ ಶಾಲೆಯ ಹೆಸರಿರುವ ಅಂಗಿ. ಗುರುವಾರ ಸ್ಕೌಟ್ ದಿನ, ನನಗೆ ವಿನಾಯಿತಿ. ಶುಕ್ರವಾರ ಕೈಮಗ್ಗದ ಬಟ್ಟೆ. ಲಂಗ ಮಂಡಿಗಿಂತ ಕೆಳಗೆ, ಪ್ಯಾಂಟು ಯಾವತ್ತೂ ಇಲ್ಲ. ಚಪ್ಪಲಿ ತರಗತಿಯ ಹೊರಗೆ, ಹಾಗಾಗಿ ಕಾಲುಚೀಲ ತೂತಾಗಿರಬಾರದು. ಇಂಗ್ಲಿಷ್ ಕಲಿಸಲು ಥಾಯ್ಲೆಂಡಿನ ಲಂಪಾಂಗ್‌ಗೆ ಬಂದು ಎಂಟು ತಿಂಗಳಲ್ಲಿ ಕಲಿತಿದ್ದು ಇಷ್ಟು. ಥಾಯ್ ಭಾಷೆ ಇದರ ಅರ್ಧವೂ ಬಂದಿಲ್ಲ.

ಮಧ್ಯಾಹ್ನ

ಬೆಳಿಗ್ಗೆ ಗೇಟಿನಲ್ಲಿ ಒಬ್ಬಳು ಅಜ್ಜಿ ತಡೆದಳು. ಅವಳು ಕೇಳಿದ್ದು ಇಷ್ಟು ಅರ್ಥವಾಯಿತು: “ಏನವ್ವಾ, ಆ ಫಾರಿನ್ ಟೀಚರ್ ಬಂದ್ಲಾ?”

“ನಾನೇ ಅಜ್ಜಿ,” ಅಂದೆ.

ತೋಳಿಗೆ ಮೆಲ್ಲಗೆ ಹೊಡೆದು ನಕ್ಕಳು. “ಸುಮ್ನಿರವ್ವಾ, ಬೆಳಬೆಳಿಗ್ಗೆ ತಮಾಷೆ.”

ಇದು ಐದನೆಯ ಸಲ. ನಮ್ಮ ಫಿಲಿಪೀನ್ಸಿನವರ ಮೂಗು, ಬಣ್ಣ, ಎತ್ತರ ಎಲ್ಲ ಇವರದೇ. ಏನು ಮಾಡಲಿ.

ಜನವರಿ 17, ಶುಕ್ರವಾರ

ಏಜೆಂಟ್ ಥನಕೊರ್ನ್ ಫೋನ್ ಮಾಡಿದ್ದ. ನನ್ನನ್ನು ಈ ಶಾಲೆಗೆ ಕಳಿಸಿದವನು ಅವನು. ಕಾಂಟ್ರಾಕ್ಟ್ ಮಾರ್ಚಿಗೆ ಮುಗಿಯುತ್ತದೆ.

“ಮೈಲೀನ್, ಫೆಬ್ರವರಿ ಇಪ್ಪತ್ತೊಂದಕ್ಕೆ ಪೋಷಕರು ಬಂದು ನಿನ್ನ ಕ್ಲಾಸಲ್ಲಿ ಕೂರ್ತಾರೆ. ಅವರು ಒಪ್ಪಿದ್ರೆ ಮುಂದಿನ ವರ್ಷ. ಇಲ್ಲಾಂದ್ರೆ ಇಲ್ಲ. ಇನ್ಮೇಲೆ ಕೋಟು ಹಾಕು. ಕಪ್ಪು ಕೋಟು. ಥಾಯ್ ಬಟ್ಟೆ ಮುಟ್ಟಲೇಬೇಡ.”

“ಶುಕ್ರವಾರ ಎಲ್ಲರೂ ಹಾಕ್ತಾರಲ್ಲ ಸರ್.”

“ಅವರು ಥಾಯ್‌ಗಳು, ಹಾಕ್ಲಿ. ನೀನೂ ಹಾಕಿದ್ರೆ ನಿನ್ನನ್ನ ಯಾರು ಫಾರಿನ್ ಅಂತಾರೆ? ಮೊನ್ನೆ ಒಬ್ಬಳು ತಾಯಿ ಕಂಪ್ಲೇಂಟ್ ಮಾಡಿದಾಳೆ. ನೀನು ಸಂತೆಲಿ ಕೂತು ಕೈಯಲ್ಲಿ ಅಂಟಕ್ಕಿ ಅನ್ನ ತಿಂತಿದ್ಯಂತೆ.”

ತಿನ್ನುತ್ತಿದ್ದೆ. ಹಸಿವಾಗಿತ್ತು.

ಮುಂದಿನ ವರ್ಷ ಉಳಿದರೆ ಮಗಳು ಡ್ಯಾನಿಕಾಳನ್ನು ಕರೆಸಿಕೊಳ್ಳಬಹುದು. ಶಿಕ್ಷಕರ ಮಕ್ಕಳಿಗೆ ಈ ಶಾಲೆಯಲ್ಲೇ ಸೀಟು ಕೊಡುತ್ತಾರೆ. ಎಂಟು ವರ್ಷದವಳು, ನಮ್ಮೂರು ಇಲೊಯ್ಲೊದಲ್ಲಿ ನನ್ನ ಅಮ್ಮನ ಹತ್ತಿರ ಇದ್ದಾಳೆ. ಅವಳಪ್ಪ ಹಡಗಿನ ಕೆಲಸಕ್ಕೆ ಹೋದ. ಹಡಗು ವಾಪಸ್ಸು ಬಂತು, ಅವನು ಬರಲಿಲ್ಲ. ನನಗೆ ಬೇಕಾಗಿರುವುದು ಅವಳೊಬ್ಬಳೇ. ಅದಕ್ಕೆ ಕೋಟೇನು, ಕಂಬಳಿ ಹೊದ್ದುಕೊ ಎಂದರೂ ಹೊದ್ದುಕೊಳ್ಳುತ್ತೇನೆ.

ಜನವರಿ 24, ಶುಕ್ರವಾರ

ಹಳೆ ಬಟ್ಟೆ ಅಂಗಡಿಯಲ್ಲಿ ಕೋಟು ಸಿಕ್ಕಿತು. ಭುಜ ಒಂದಿಷ್ಟು ದೊಡ್ಡದು. ಎರಡನೇ ತರಗತಿ, ನಲವತ್ತು ಮಕ್ಕಳು, ಒಂದು ಸದ್ದಿಲ್ಲ. ಪ್ರಶ್ನೆ ಕೇಳಿದರೆ ಡೆಸ್ಕು ನೋಡುತ್ತವೆ. ಮೊದಲೂ ಮಾತಾಡುತ್ತಿರಲಿಲ್ಲ. ಈಗ ಹೆದರಿಕೆ ಬೇರೆ.

ಬುವಾಫನ್ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಈ ತರಗತಿಯ ಥಾಯ್ ಟೀಚರ್, ನನ್ನ ಪಾಠಕ್ಕೂ ಬಂದು ಕೂರುತ್ತಾರೆ. ಗಂಟೆಯಾದ ಮೇಲೆ ಕಿವಿಯಲ್ಲಿ ಹೇಳಿದರು: “ಮಕ್ಕಳು ಕೇಳ್ತಾ ಇದ್ವು, ಟೀಚರ್ ಬ್ಯಾಂಕಿಗೆ ಸೇರ್ಕೊಂಡ್ರಾ ಅಂತ.”

“ನೀವೇನಂದ್ರಿ?”

“ಸಾಲ ಬೇಕಾದ್ರೆ ಕೈ ಎತ್ತಿ ಅಂದೆ.”

ಶಾಲೆಯ ಡೈರೆಕ್ಟರ್ ಮೇಡಂ ಕಾರಿಡಾರಿನಲ್ಲಿ ಸಿಕ್ಕರು. ಕೋಟನ್ನು ಮೇಲಿಂದ ಕೆಳಗೆ ನೋಡಿ, “ಇವತ್ತು ಶುಕ್ರವಾರ ಅಲ್ವಾ ಟೀಚರ್?” ಅಂದರು. ಅಷ್ಟೇ. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ 6, ಗುರುವಾರ. ಸಂಜೆ

ಉಪಾಯ ಹೊಳೆಯಿತು. ಕ್ರಿಸ್‌ಮಸ್‌ಗೆ ಅಮ್ಮ ಕಳಿಸಿದ ಪತಾಡ್ಯೊಂಗ್ ಪೆಟ್ಟಿಗೆಯಲ್ಲೇ ಇದೆ. ನಮ್ಮ ಊರಿನ ಸುತ್ತುಲಂಗ, ಕೆಂಪು-ಹಸಿರು ಚೌಕಳಿ, ಅಜ್ಜಿಯ ಕೈನೇಯ್ಗೆ. ಕೈಮಗ್ಗದ್ದು, ಡೈರೆಕ್ಟರ್ ಮೇಡಂಗೆ ಖುಷಿ. ಥಾಯ್ ಅಲ್ಲ, ಏಜೆಂಟಿಗೆ ಖುಷಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನ್ನಷ್ಟು ಜಾಣೆ ಯಾರಿದ್ದಾರೆ.

ಫೆಬ್ರವರಿ 7, ಶುಕ್ರವಾರ

ಜಾಣೆಯಂತೆ ಜಾಣೆ!

ತರಗತಿಗೆ ಕಾಲಿಟ್ಟೆ. ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ನಲವತ್ತೂ ಮಕ್ಕಳು. ಒಬ್ಬ ಬೆಂಚಿನಿಂದ ಬಿದ್ದೇಬಿಟ್ಟ. ಬುವಾಫನ್ ಅಕ್ಕ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು, ಬೆನ್ನು ಕುಲುಕುತ್ತಿತ್ತು.

“ಏನಾಯ್ತಕ್ಕ?”

“ಮೈಲೀನ್... ಅದು ನಮ್ಮ ಗಂಡಸರು ಸ್ನಾನಕ್ಕೆ ಉಟ್ಕೊಳ್ಳೋ ಪಂಚೆ ಥರಾನೇ ಇದೆ ಕಣೇ. ಅದೇ ಚೌಕಳಿ. ಅದೇ ಬಣ್ಣ.”

ನಿಂತಲ್ಲೇ ಮೈ ಬೆಂಕಿಯಾಯಿತು. ಅಜ್ಜಿ ಕಣ್ಣು ಮಂಜಾಗುವ ತನಕ ನೇಯ್ದ ಬಟ್ಟೆ. ಇವಕ್ಕೆ ಸ್ನಾನದ ಪಂಚೆ. ಪುಸ್ತಕ ಎತ್ತಿಕೊಂಡು ಹೊರಟೇಬಿಡೋಣ ಅನ್ನಿಸಿತು. ಬಾಗಿಲ ತನಕ ಹೋಗಿಯೂ ಇದ್ದೆ.

ಆಗ ಕಿಟಕಿ ಪಕ್ಕದ ಮುಕ್ ಎದ್ದಳು. ಎಂಟು ತಿಂಗಳಲ್ಲಿ ಬಾಯಿ ಬಿಡದ ಹುಡುಗಿ. ನನಗೇನೋ ಸಮಾಧಾನ ಹೇಳಬೇಕು ಅನ್ನಿಸಿರಬೇಕು ಪಾಪ. ಸೊಂಟಕ್ಕೆ ಸುತ್ತಿಕೊಂಡಂತೆ ನಟಿಸಿ, ಒಂದೊಂದೇ ಶಬ್ದ ಹುಡುಕಿ ಇಂಗ್ಲಿಷಿನಲ್ಲಿ ಹೇಳಿದಳು: “ಟೀಚರ್. ತಾತ. ಸ್ನಾನ.”

ವಾಪಸ್ಸು ಬಂದೆ. ತಾತ, ಸ್ನಾನ ಎಂದು ಬೋರ್ಡಿನ ಮೇಲೆ ಬರೆದೆ. “ಸರಿ. ತಾತ ಇನ್ನೇನು ಮಾಡ್ತಾರೆ ಇದ್ರಲ್ಲಿ?”

ಕೈಗಳು ಎದ್ದವು. ತಾತ ನಿದ್ದೆ. ಪಾಪು ನಿದ್ದೆ — ಜೋಲಿ ಕಟ್ಟುತ್ತಾರಂತೆ. ತಾತ ಮೀನು. ತಾತ ಬೆವರು — ಒಬ್ಬ ಒರೆಸಿ ತೋರಿಸಿದ. ಇಂಗ್ಲಿಷ್ ಶಬ್ದ ಗೊತ್ತಿಲ್ಲದವರು ನನ್ನ ಮೇಜಿನ ಹತ್ತಿರ ಓಡಿ ಬಂದು ಕೇಳಿದರು, ನನ್ನನ್ನು ತಳ್ಳಿ ಕೇಳಿದರು. ಕೊನೆಗೆ ಇದು ನನ್ನ ಅಜ್ಜಿ ನೇಯ್ದ ಬಟ್ಟೆ ಎಂದೂ ಬರೆದೆ. ಗಂಟೆ ಹೊಡೆದರೂ ಯಾರೂ ಎದ್ದಿಲ್ಲ. ಬೋರ್ಡಿನಲ್ಲಿ ಜಾಗವಿಲ್ಲ.

ನನಗೆ ಸಿಟ್ಟು ಇಳಿದಿಲ್ಲ. ಆದರೆ ಖುಷಿಯಾಗಿದೆ. ಎರಡೂ ನಿಜ.

ಫೆಬ್ರವರಿ 9, ಭಾನುವಾರ

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ನಗುತ್ತಾಳೋ ಬೈಯುತ್ತಾಳೋ ಎಂದು ಹೆದರಿಕೆಯಿತ್ತು.

“ನಿನ್ನಜ್ಜನೂ ಅದನ್ನೇ ಉಟ್ಕೊಂಡು ಬಾವಿ ಹತ್ರ ನಿಂತಿರ್ತಿದ್ದ ಕಣೇ, ಮರೆತ್ಯಾ?” ಅಂದಳು.

ಮರೆತಿದ್ದೆ. ಅಷ್ಟು ಹೊತ್ತು ಮರ್ಯಾದೆ ಹೋಯಿತೆಂದು ಉರಿದಿದ್ದೇ ಬಂತು.

ಡ್ಯಾನಿಕಾ ಫೋನು ಕಿತ್ತುಕೊಂಡು, “ನಾನಾಯ್, ನಾನು ಬರೋದು ಗ್ಯಾರಂಟಿನಾ?” ಎಂದು ಕೇಳಿದಳು. ನಾನಾಯ್ ಅಂದರೆ ಅಮ್ಮ, ಅದನ್ನು ಇವಳಷ್ಟು ಎಳೆದು ಯಾರೂ ಕರೆಯುವುದಿಲ್ಲ. ನೋಡೋಣ ಎಂದೆ. ನೋಡೋಣ ಅಂದರೆ ಇಲ್ಲ ಅಂತ ಅರ್ಥ, ನನಗೆ ಗೊತ್ತು, ಅಂದಳು.

ಫೆಬ್ರವರಿ 20, ಗುರುವಾರ

ಥನಕೊರ್ನ್ ಮೆಸೇಜು, ಮೂರು ಸಲ. ಕೋಟು. ಕೋಟು. ಕೋಟು.

ಫೆಬ್ರವರಿ 21, ಶುಕ್ರವಾರ

ಧೈರ್ಯ ಸಾಲಲಿಲ್ಲ. ಕೆಳಗೆ ಪತಾಡ್ಯೊಂಗ್ ಸುತ್ತಿ ಮೇಲೆ ಕೋಟು ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಅರ್ಧ ಬ್ಯಾಂಕು, ಅರ್ಧ ಬಚ್ಚಲು.

ಪೋಷಕರು ಮೂವತ್ತು ಜನ. ಥನಕೊರ್ನ್ ಬಾಗಿಲಲ್ಲಿ. ಸೆಕೆ ಮೂವತ್ತೈದು ಡಿಗ್ರಿ. ಹತ್ತು ನಿಮಿಷಕ್ಕೆ ಬೆವರು ಗಲ್ಲದಿಂದ ಪುಸ್ತಕಕ್ಕೆ ತೊಟ್ಟಿಕ್ಕಿತು. ಮಕ್ಕಳು ಮತ್ತೆ ಮೂಕ. ಅಪ್ಪ ಅಮ್ಮ ಹಿಂದೆ ಕೂತಿದ್ದಾರಲ್ಲ. ಇಲ್ಲಿಗೆ ಮುಗಿಯಿತು, ಡ್ಯಾನಿಕಾಗೆ ಏನು ಹೇಳಲಿ ಎಂದು ಆಗಲೇ ವಾಕ್ಯ ಜೋಡಿಸುತ್ತಿದ್ದೆ.

ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಮೇಜಿನ ಹಿಂದಿನಿಂದ ಈಚೆ ಬಂದೆ. ಬರದಿದ್ದರೆ ತಲೆ ತಿರುಗಿ ಬೀಳುತ್ತಿದ್ದೆ, ಅಷ್ಟೇ. ಧೈರ್ಯ ಗೀರ್ಯ ಏನಿಲ್ಲ.

ಹಿಂದಿನಿಂದ ಮುಕ್‌ಳ ತಾತ ಎದ್ದ. ಅವನ ಸೊಂಟದಲ್ಲೂ ಚೌಕಳಿ. ಏನೋ ಗಟ್ಟಿಯಾಗಿ ಹೇಳಿದ, ಎಲ್ಲರೂ ಗೊಳ್ಳೆಂದರು. ಬುವಾಫನ್ ಅಕ್ಕ ಅನುವಾದಿಸಿದರು: “ನನ್ನ ಪಂಚೆ ಕಳೆದು ಒಂದು ವಾರ ಆಯ್ತು, ಕಳ್ಳಿ ಇಲ್ಲಿದಾಳೆ ಅಂತಿದಾರೆ.”

ನಾನು ಬಾಯಿ ತೆರೆಯುವ ಮೊದಲೇ ಮುಕ್ ತಿರುಗಿ ನಿಂತಳು. ತಾತನಿಗೆ ಇಂಗ್ಲಿಷಿನಲ್ಲೇ ಬೈದಳು. “ಅಲ್ಲ! ಇದು ಟೀಚರ್ ಅಜ್ಜಿ ಬಟ್ಟೆ. ಟೀಚರ್ ಅಜ್ಜಿ ಮಾಡಿದ್ದು. ನಿನ್ನ ಬಟ್ಟೆ ಕೊಳಕು.”

ತಾತನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಪಕ್ಕದವರ ತೋಳು ಹಿಡಿದು ಕೇಳಿದ: “ನಮ್ಮ ಹುಡುಗಿ ಏನಂದ್ಲು? ಇಂಗ್ಲಿಷಾ ಅದು? ನನಗೇ ಬೈದ್ಲಾ?” ಬೈದಳು ಎಂದರು. ಕಣ್ಣು ಒರೆಸಿಕೊಂಡು ಕೂತ. ಆಮೇಲೆ ಉಳಿದ ಮಕ್ಕಳನ್ನು ಹಿಡಿಯುವವರೇ ಇಲ್ಲ, ಪ್ರತಿಯೊಬ್ಬರಿಗೂ ಮನೆಯವರಿಗೆ ಏನಾದರೂ ಹೇಳಬೇಕಿತ್ತು.

ಥನಕೊರ್ನ್ ಕುರ್ಚಿಯ ಮೇಲಿನ ಕೋಟು ನೋಡುತ್ತಿದ್ದ. ಪಾಠ ಮುಗಿಯುವ ಮೊದಲೇ ಹೊರಟುಹೋದ.

ಮಾರ್ಚ್ 11, ಮಂಗಳವಾರ

ಏಜೆನ್ಸಿಯಿಂದ ಪತ್ರ. ಮುಂದಿನ ವರ್ಷ ಈ ಶಾಲೆಗೆ ಬೇರೆಯವರನ್ನು ಕಳಿಸುತ್ತಾರೆ. ಹೊಂಬಣ್ಣದ ಕೂದಲಿನ ಹುಡುಗ, ಫೋಟೋ ಸಹಿತ. ಟೈ ಕಟ್ಟಿದ್ದಾನೆ.

ಓದಿ ಅತ್ತುಬಿಟ್ಟೆ. ಊಟ ಮಾಡಲಿಲ್ಲ. ಮನೆಗೆ ಫೋನು ಮಾಡಲಿಲ್ಲ.

ಮಾರ್ಚ್ 13, ಗುರುವಾರ

ಡೈರೆಕ್ಟರ್ ಮೇಡಂ ಕರೆಸಿದರು. ಸ್ಕೌಟ್ ಸಮವಸ್ತ್ರದಲ್ಲಿದ್ದರು, ಕೊರಳಿಗೆ ಸ್ಕಾರ್ಫು. ಆ ವೇಷದವರ ಎದುರು ಅಳಬಾರದು ಎಂದು ಗಟ್ಟಿಮಾಡಿಕೊಂಡು ನಿಂತೆ.

“ಪೋಷಕರ ಚೀಟಿಗಳು ಬಂದಿವೆ. ಇಪ್ಪತ್ತೇಳು ಜನ ನೀವೇ ಬೇಕು ಅಂದಿದಾರೆ. ಇಬ್ಬರು ಬೇಡ ಅಂದಿದಾರೆ. ಒಬ್ಬರು ಚೀಟಿ ತುಂಬಾ ಪಂಚೆ ಚಿತ್ರ ಬರೆದಿದಾರೆ, ಅದನ್ನ ಯಾವ ಕಡೆ ಲೆಕ್ಕ ಹಾಕ್ಲಿ?”

“ಏಜೆನ್ಸಿಯವರು ಬೇರೆಯವರನ್ನ—”

“ಏಜೆನ್ಸಿ ಬೇಡ. ಶಾಲೆಯೇ ನೇರವಾಗಿ ತಗೊಳ್ಳುತ್ತೆ. ಎರಡು ವರ್ಷ. ನಿಮಗೊಬ್ಬಳು ಮಗಳಿದಾಳಂತೆ, ಬುವಾಫನ್ ಹೇಳಿದ್ಲು. ಅವಳ ಅಳತೆ ಕೊಡಿ, ಯೂನಿಫಾರಂ ಹೊಲಿಸಬೇಕು.”

ಅಳತೆ ಗೊತ್ತಿರಲಿಲ್ಲ. ಹತ್ತು ತಿಂಗಳಲ್ಲಿ ಎಷ್ಟು ಬೆಳೆದಿದ್ದಾಳೋ. ಆಗ ಅತ್ತುಬಿಟ್ಟೆ, ಸ್ಕೌಟ್ ಸಮವಸ್ತ್ರದ ಎದುರಿಗೇ.

ಮೇ 19, ಸೋಮವಾರ. ಬೆಳಿಗ್ಗೆ 8.40

ಮೊದಲ ಪೀರಿಯಡ್. ಮಕ್ಕಳು ಬೋರ್ಡು ನೋಡಿ ತಾರೀಖು ಬರೆದುಕೊಳ್ಳುತ್ತಿವೆ. ನನಗೆ ನಾಲ್ಕು ನಿಮಿಷ.

ಮೂರನೇ ಸಾಲಿನಲ್ಲಿ ಡ್ಯಾನಿಕಾ. ಬಿಳಿ ಅಂಗಿ, ನೀಲಿ ಲಂಗ, ಲಂಗ ಎರಡು ಬೆರಳು ಉದ್ದ. ಎದೆಯ ಮೇಲೆ ಥಾಯ್ ಅಕ್ಷರದಲ್ಲಿ ಹೆಸರು ಕಸೂತಿ. ಬೆಳಿಗ್ಗೆ ಕನ್ನಡಿ ಮುಂದೆ ಕೇಳಿದಳು: “ಇದು ನನ್ನ ಹೆಸರೇ ಅಂತ ನಿಂಗೆ ಹೇಗೆ ಗೊತ್ತು?” ನನಗೂ ಪೂರ್ತಿ ಓದಲು ಬರುವುದಿಲ್ಲ. ಬುವಾಫನ್ ಅಕ್ಕ ಹೇಳಿದಾರೆ, ನಂಬಿ ಹಾಕ್ಕೋ ಎಂದೆ.

ದಾರಿಯಲ್ಲಿ ಕರಾರು ಮಾಡಿಸಿದೆ. ಕ್ಲಾಸಿನಲ್ಲಿ ನಾನಾಯ್ ಇಲ್ಲ, ಟೀಚರ್.

“ಬಿದ್ದು ಗಾಯ ಆದ್ರೆ?”

“ಆಗ್ಲೂ ಟೀಚರ್.”

“ದೊಡ್ಡ ಗಾಯ ಆದ್ರೆ?”

“ಆಗ ನೋಡೋಣ.”

ಈಗ ಕೈ ಎತ್ತಿದ್ದಾಳೆ. ಗಾಯ ಏನೂ ಕಾಣಿಸುತ್ತಿಲ್ಲ. ನಲವತ್ತು ತಲೆಗಳು ಅವಳ ಕಡೆ ತಿರುಗಿವೆ. ಎದ್ದು ನಿಂತಳು. ನೆಟ್ಟಗೆ, ಬಲು ಗಂಭೀರವಾಗಿ. ಬಾಯಿ ತೆರೆದಳು — “ನಾನಾ—”